ಮಾತು ನಿಲ್ಲಿಸಿದ ಪೆಟ್ಟಿಗೆ

ನಮ್ಮ ಇಂಗ್ಲಿಷ್ ಅಧ್ಯಾಪಕರೊಬ್ಬರಿಗೆ ಕಣ್ಣು ಕಾಣಿಸದೆಂಬುದು ವಾಚಕರಿಗೆ ತಿಳಿದೇ ಇದೆ. ಅವರ ಮನೆಯ ಮೇಜಿನ ಮೇಲಿರುವ ಪುಟ್ಟ ಪೆಟ್ಟಿಗೆಯ ಸಂಗತಿ ಮಾತ್ರ ಬಹುಮಂದಿಗೆ ತಿಳಿಯದು. ಡೆಕ್‌ಟಾಕ್ ಎಕ್ಸ್‌ಪ್ರೆಸ್ ಎಂದು ಅದರ ಹೆಸರು. ಕಂಪ್ಯೂಟರು ಕಳುಹಿಸಿದ ಇಂಗ್ಲಿಷ್ ಅಕ್ಷರಗಳನ್ನು ದನಿಯಾಗಿ ಮಾರ್ಪಡಿಸಿ ಓದುವುದು ಅದರ ಕಸುಬು. ಅಮೆರಿಕದಲ್ಲಿದ್ದ ಅವರ ಅಣ್ಣ ಇಪ್ಪತ್ತೈದು ವರ್ಷಗಳ ಕೆಳಗೆ ತಂದುಕೊಟ್ಟದ್ದು.

ಆ ದನಿಗೊಂದು ಕಥೆಯುಂಟು. ಎಂ.ಐ.ಟಿ.ಯ ವಿಜ್ಞಾನಿ ಡೆನಿಸ್ ಕ್ಲಾಟ್ ತಮ್ಮ ಸ್ವರವನ್ನೇ ಮಾದರಿಯಾಗಿಟ್ಟುಕೊಂಡು ಅದನ್ನು ರೂಪಿಸಿದರು. ಡೆಕ್‌ಟಾಕ್ 1984ರಲ್ಲಿ ಮಾರುಕಟ್ಟೆಗೆ ಬಂದಿತು. 1988ರಲ್ಲಿ ಕ್ಲಾಟ್ ಕ್ಯಾನ್ಸರಿನಿಂದ ತೀರಿಕೊಂಡರು. ಸ್ಟೀಫನ್ ಹಾಕಿಂಗರ ಯಂತ್ರದ ದನಿಯೂ ಕ್ಲಾಟರ ಸಂಶೋಧನೆಯ ಕೂಸೇ.

ಹಳೆಯ ಕಂಪ್ಯೂಟರು ಕೆಟ್ಟು ಹೊಸದು ಬಂದಾಗ ಪೆಟ್ಟಿಗೆ ಮೂಕವಾಯಿತು. ಹೊಸದರಲ್ಲಿ ಒಂಬತ್ತು ಮುಳ್ಳಿನ ಸೀರಿಯಲ್ ಕಿಂಡಿಯೇ ಇಲ್ಲ! “ಕಂಪ್ಯೂಟರಿನೊಳಗೇ ಬೇಕಾದಷ್ಟು ದನಿಗಳಿವೆಯಲ್ಲ ಸಾರ್” ಎಂದೆನು. “ಇವೆ, ಕನ್ನಡಕ್ಕೆ ಅವೇ ಗತಿ. ಆದರೆ ಇದು ಎಷ್ಟು ವೇಗವಾಗಿ ಓದಿದರೂ ನನಗೆ ಒಂದಕ್ಷರ ತಪ್ಪುವುದಿಲ್ಲವಯ್ಯ. ಬೇರೆ ದನಿಯಲ್ಲಿ ಕೇಳಿ ಪಾಠ ಸಿದ್ಧಮಾಡುವುದಕ್ಕೆ ಎರಡರಷ್ಟು ಹೊತ್ತು ಹಿಡಿಯುತ್ತದೆ” ಎಂದರು. ಆ ವಾರ ಅವರು ಎರಡು ತರಗತಿಗಳನ್ನು ಮುಂದೂಡಿದ್ದರು. ಹಾಗೆ ಅವರು ಹಿಂದೆಂದೂ ಮಾಡಿದವರಲ್ಲ.

ಯು.ಎಸ್.ಬಿ.ಯಿಂದ ಸೀರಿಯಲ್ಲಿಗೆ ಸೇರಿಸುವ ತಂತಿ ಪೇಟೆಯಲ್ಲಿ ಸುಲಭವಾಗಿ ದೊರಕಿತು. ತಂತಿ ಸಿಕ್ಕಿದರೆ ಸಾಕೆ? ಇಬ್ಬರಿಗೂ ಒಂದೇ ಭಾಷೆ ಬರಬೇಡವೆ? 2006ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾದ ಎನ್.ವಿ.ಡಿ.ಎ. ಎಂಬ ತೆರೆಯೋದುಗವು ಬಹಳ ಒಳ್ಳೆಯದು, ಉಚಿತವೂ ಹೌದು. ಆದರೆ ಅದರ ಮೂಲರೂಪಕ್ಕೆ ಈ ಪೆಟ್ಟಿಗೆಯ ಪರಿಚಯವಿಲ್ಲ. ಲಿನಕ್ಸಿನ ಸ್ಪೀಕಪ್ಪಿಗೆ ಉಂಟು. ಸೆಕೆಂಡಿಗೆ 9600 ಬಿಟ್ಟುಗಳ ಲೆಕ್ಕದಲ್ಲಿ ಸುಮಾರು 960 ಅಕ್ಷರಗಳು ತಂತಿಯಲ್ಲಿ ಹರಿಯುತ್ತವೆ. ಎಷ್ಟು ಅವಸರದ ಬಾಯಾದರೂ ಅಷ್ಟನ್ನು ಉಚ್ಚರಿಸಲಾರದು. ಆದುದರಿಂದ ಹೊಟ್ಟೆ ತುಂಬಿದಾಗ ಪೆಟ್ಟಿಗೆ “ಸಾಕು” ಎಂಬ ಸಂಜ್ಞೆಯನ್ನೂ, ಬರಿದಾದಾಗ “ಬಡಿಸು” ಎಂಬ ಸಂಜ್ಞೆಯನ್ನೂ ಕಳುಹಿಸುತ್ತದೆ. ಊಟದ ಪಂಕ್ತಿಯಲ್ಲಿ ಕೈ ಅಡ್ಡ ಹಿಡಿದಂತೆಯೇ! ಕಂಪ್ಯೂಟರು ಇದನ್ನು ಗಮನಿಸದಿದ್ದರೆ ವಾಕ್ಯಗಳು ನಡುವೆಯೇ ನುಂಗಿಹೋಗುತ್ತವೆ. ಕೀಲಿ ಒತ್ತಿದ ಕೂಡಲೇ ಓದುತ್ತಿರುವುದನ್ನು ಬಿಟ್ಟು ಸುಮ್ಮನಾಗುವುದಕ್ಕೆ ಬೇರೊಂದು ಸಂಜ್ಞೆ. ಓದುವವರಿಗೆ ಮಾತಿನಷ್ಟೇ ಮೌನವೂ ತಕ್ಷಣ ಬೇಕೆಂಬುದು ನನಗೆ ಹೊಸ ಸಂಗತಿಯಾಗಿತ್ತು.

ಮೂರು ಸಂಜೆಗಳು ಕಳೆದುವು. ಅಮೆರಿಕದ ವಿದ್ಯುತ್ತು ನಮ್ಮದರ ಅರ್ಧದಷ್ಟು ವೋಲ್ಟಿನದಾದ್ದರಿಂದ ನಡುವೆ ಇಟ್ಟಿದ್ದ ಟ್ರಾನ್ಸ್‌ಫಾರ್ಮರಿನ ಗೊಣಗಾಟ ಬೇರೆ. ಸಾರ್ ಅವರ ಮನೆಯವರು ಕಾಫಿ ತಂದಿಡುವರು, ಆರಿದ್ದನ್ನು ಒಯ್ಯುವರು. ನಾಲ್ಕನೆಯ ಸಂಜೆ ಯು.ಎಸ್.ಬಿ. ಕಿಂಡಿಯ ಹೆಸರನ್ನು ಸ್ಪೀಕಪ್ಪಿಗೆ ತಿಳಿಸಿದಾಗ, ಪೆಟ್ಟಿಗೆ ಗಡಸು ದನಿಯಲ್ಲಿ ತೆರೆಯ ಮೇಲಿನ ಸಾಲನ್ನು ಓದಿಯೇಬಿಟ್ಟಿತು. ಸಾರ್ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ವೇಗವನ್ನು ಏರಿಸುತ್ತ ಹೋದರು. ನನ್ನ ಕಿವಿಗೆ ಅದು ಬರೀ ಜೇನುನೊಣದ ಸದ್ದು. ಅವರು ಮಾತ್ರ ಮುಗುಳ್ನಗುತ್ತ ತಲೆದೂಗುತ್ತಿದ್ದರು. ಕಡೆಗೆ ನನ್ನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿ ಓದಿಸಿದರು. ಅದು ನನ್ನ ಹೆಸರೆಂದು ನನ್ನ ತಾಯಿಯೂ ಗುರುತಿಸಲಾರಳು.

ಮುಂದೂಡಿದ ಎರಡು ತರಗತಿಗಳೂ ಮರುದಿನವೇ ನಡೆದುವು.