ನೆರೆಯವರ ಧರ್ಮ, ನಮ್ಮ ನುಡಿ

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿಯ ಸಾವಿರಾರು ಜನರು ಮುಂಜಾನೆಯ ರೈಲು ಹಿಡಿದು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಆ ಡಬ್ಬಿಗಳಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ಎಲ್ಲವೂ ಉಂಟು. ಹಬ್ಬದ ಸಿಹಿ ಕೈಯಿಂದ ಕೈಗೆ ಹೋಗುವುದನ್ನು ನಾವು ಕಂಡಿದ್ದೇವೆ. ಆದರೆ ಪಕ್ಕದಲ್ಲಿ ಕುಳಿತವರ ಧರ್ಮಗ್ರಂಥ ಏನು ಹೇಳುತ್ತದೆಂಬುದನ್ನು ಬಲ್ಲವರು ವಿರಳ.

ಈ ಕೊರತೆಯನ್ನು ಕರಾವಳಿಯ ಮುಸಲ್ಮಾನ ಬಂಧುಗಳು ಮೊದಲೇ ಮನಗಂಡರು. 1978ರಲ್ಲಿ ಮಂಗಳೂರಿನಿಂದ ‘ಸನ್ಮಾರ್ಗ’ ವಾರಪತ್ರಿಕೆ ಕನ್ನಡದಲ್ಲಿ ಹೊರಟಿತು. ಅಲ್ಲಿಯ ಶಾಂತಿ ಪ್ರಕಾಶನವು ಕುರಾನಿನ ಕನ್ನಡ ಅನುವಾದವನ್ನು ಪ್ರಕಟಿಸಿತು. ಇದು ಮತಪ್ರಚಾರವಲ್ಲವೇ ಎಂದು ಬಂಗಾರಪೇಟೆಯ ಸದ್ಭಕ್ತರೊಬ್ಬರು ನಮ್ಮನ್ನು ಕೇಳಿದರು. ಪ್ರಚಾರವೂ ಉಂಟು, ಅಲ್ಲವೆನ್ನಲಾರೆವು. ಆದರೆ ನೆರೆಯವರಿಗೆ ತಿಳಿಯುವ ನುಡಿಯಲ್ಲಿ ತಮ್ಮ ನಂಬಿಕೆಯನ್ನು ಬಿಚ್ಚಿಟ್ಟವರು ಪ್ರಶ್ನೆಗೂ ಒಡ್ಡಿಕೊಂಡಂತೆಯೇ. ಕನ್ನಡದಲ್ಲಿಯೇ ನುಡಿದ ಶರಣರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೆ?

ಪೊಲೀಸರು ಹಿಡಿದೊಯ್ದವನ ಮನೆಯವರಿಗಾದರೋ ಪುಸ್ತಕ ಸಾಲದು, ವಕೀಲರು ಬೇಕು. ಮುಸಲ್ಮಾನ ಮುಖಂಡರ ಮುಂದಾಳತ್ವದಲ್ಲಿ 2006ರಲ್ಲಿ ಆರಂಭವಾದ ಎಪಿಸಿಆರ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯು ಕರ್ನಾಟಕದಲ್ಲಿಯೂ ಕಾನೂನು ನೆರವು ನೀಡುತ್ತ ಬಂದಿದೆ. ಬಂಧಿತನು ತಾನು ಬಯಸಿದ ವಕೀಲರನ್ನು ಕಾಣಬಹುದೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಅದರಲ್ಲಿ ಜಾತಿಮತಗಳ ಹೆಸರಿಲ್ಲ.