ಲೆಕ್ಕಕ್ಕೆ ಸಿಗದ ಕಿರುಬೆರಳು

ನಮ್ಮ ನ್ಯಾಮತಿ ಕಡೆ ಗಂಟು ನೋವು ಅಂದ್ರೆ ಮೂರು ಉತ್ತರ ಸಿಗುತ್ತೆ: ವಾಯು, ವಯಸ್ಸು, ಇಲ್ಲಾಂದ್ರೆ ಚಿಕೂನ್‌ಗುನ್ಯಾ. 2006ರಲ್ಲಿ ಕರ್ನಾಟಕದ ಹಳ್ಳಿಗಳಿಗೆ ನುಗ್ಗಿದ ಆ ಜ್ವರ ಎಷ್ಟೋ ಜನರ ಕೀಲುಗಳನ್ನು ತಿಂಗಳುಗಟ್ಟಲೆ ಹಿಡಿದಿಟ್ಟಿತ್ತು. ಹಾಗಾಗಿ ಮೂರನೇ ಉತ್ತರವನ್ನು ಈಗಲೂ ಎಲ್ಲರೂ ನಂಬ್ತಾರೆ. ನಮ್ಮ ದೊಡ್ಡಮ್ಮನಿಗೂ ಮೊದಲು ಸಿಕ್ಕಿದ್ದು ಅದೇ. ಬೆಳಿಗ್ಗೆ ಎದ್ದು ಒಂದು ಗಂಟೆಯಾದ್ರೂ ಮುಷ್ಟಿ ಕಟ್ಟೋಕೆ ಆಗ್ತಿರಲಿಲ್ಲ. ಶಿವಮೊಗ್ಗದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಆಂಟಿ-ಸಿಸಿಪಿ ಪಾಸಿಟಿವ್ ಬಂತು. ಕಾಯಿಲೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆ ಮೇಲೆ ತಿರುಗಿ ಬೀಳೋದು.

ಮೆಥೋಟ್ರೆಕ್ಸೇಟ್ ಶುರುವಾಯ್ತು. ವಾರಕ್ಕೆ ಒಂದೇ ದಿನ (ದಿನಾ ನುಂಗಿದ್ರೆ ಜೀವಕ್ಕೇ ಅಪಾಯ, ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆಲ್ಲ ಕೆಂಪು ಸುತ್ತು ಹಾಕಿಟ್ಟಿದ್ದೇವೆ). ಮೂರು ತಿಂಗಳಲ್ಲಿ ಊತ ಇಳಿದು, ಅಡಿಕೆ ಸುಲಿಯೋಕೆ ಕೂತೇಬಿಟ್ಟರು. "ನೋವೇ ಇಲ್ಲ ಕಣೋ, ಇನ್ನು ಮಾತ್ರೆ ಯಾಕೆ?" ಅನ್ನೋದು ಅವರ ಪ್ರಶ್ನೆ. ಡಾಕ್ಟರ್ ಮಾತ್ರ ಪಾದದ ಎಕ್ಸ್-ರೇ ಬೇಕು ಅಂದರು. ಕೈ ಕಾಯಿಲೆಗೆ ಕಾಲಿನ ಫೋಟೋ ಯಾಕೆ ಅಂತ ಮನೆಯಲ್ಲಿ ದೊಡ್ಡ ಚರ್ಚೆ.

ಇದರ ಹಿಂದೆ ನಮ್ಮಂಥವರಿಗೆ ರುಚಿಸುವ ಒಂದು ಲೆಕ್ಕ ಇದೆ. ಕಾಯಿಲೆಯ ಬಿಸಿ ಎಷ್ಟಿದೆ ಅಂತ ಅಳೆಯೋಕೆ ಡಾಸ್-28 ಅನ್ನೋ ಸೂತ್ರ ಬಳಸ್ತಾರೆ. ಒತ್ತಿದರೆ ನೋಯುವ ಕೀಲುಗಳ ಸಂಖ್ಯೆಯ ವರ್ಗಮೂಲಕ್ಕೆ 0.56, ಊದಿದ ಕೀಲುಗಳ ವರ್ಗಮೂಲಕ್ಕೆ 0.28, ಇಎಸ್‌ಆರ್‌ನ ನ್ಯಾಚುರಲ್ ಲಾಗ್‌ಗೆ 0.70, ರೋಗಿಯೇ ನೂರಕ್ಕೆ ಕೊಡುವ ಅಂಕಕ್ಕೆ 0.014, ಗುಣಿಸಿ ಕೂಡಿಸೋದು. 2.6ಕ್ಕಿಂತ ಕಡಿಮೆ ಅಂದ್ರೆ ಕಾಯಿಲೆ ತಣ್ಣಗಿದೆ, 5.1 ದಾಟಿದರೆ ಜೋರಾಗಿದೆ. ಲಾಗ್ ಇರೋದ್ರಿಂದ ಇಎಸ್‌ಆರ್ 10ರಿಂದ 20ಕ್ಕೆ ಏರಿದರೂ, 40ರಿಂದ 80ಕ್ಕೆ ಏರಿದರೂ ಅಂಕ ಅಷ್ಟೇ ಏರುತ್ತೆ, ಸುಮಾರು 0.49. ರಕ್ತಹೀನತೆ ಇದ್ದರೂ ಇಎಸ್‌ಆರ್ ಏರುತ್ತೆ ಅನ್ನೋದು ನಮ್ಮ ಹೆಂಗಸರ ವಿಷಯದಲ್ಲಿ ಸಣ್ಣ ಮಾತಲ್ಲ.

ನನಗೆ ತಲೆಕೆಟ್ಟಿದ್ದು ಆ 28 ಯಾವುವು ಅಂತ ಎಣಿಸಿದಾಗ. ಭುಜ 2, ಮೊಣಕೈ 2, ಮಣಿಕಟ್ಟು 2, ಕೈಬೆರಳಿನ ಬುಡದವು 10, ಅದರ ಮುಂದಿನವು 10, ಮಂಡಿ 2. ಪಾದ ಇಲ್ಲವೇ ಇಲ್ಲ! ಎಣಿಸೋಕೆ ಸುಲಭವಾಗಲಿ ಅಂತ ಬಿಟ್ಟಿದ್ದಾರೆ. ಆದ್ರೆ ಮೂಳೆ ಕೊರೆತ ಎಷ್ಟೋ ಸಲ ಮೊದಲು ಕಾಣಿಸೋದು ಕಾಲಿನ ಕಿರುಬೆರಳಿನ ಬುಡದಲ್ಲಿ. ಸೆನ್ಸರ್ ಇಡದ ಜಾಗದಲ್ಲೇ ಬಿರುಕು ಬಿಟ್ಟ ಹಾಗೆ.

ದೊಡ್ಡಮ್ಮನ ಎಕ್ಸ್-ರೇಯಲ್ಲಿ ಸಿಕ್ಕಿದ್ದು ಅಲ್ಲೇ, ಬಲಗಾಲಿನಲ್ಲಿ, ಇಲಿ ಕಡಿದಂಥ ಸಣ್ಣ ಗುರುತು. ತೋಟದಲ್ಲಿ ಬರಿಗಾಲಲ್ಲಿ ಓಡಾಡೋ ಅವರಿಗೆ ಅಲ್ಲಿ ನೋವು ಇತ್ತೋ ಇಲ್ವೋ, ಯಾರೂ ಕೇಳಿರಲಿಲ್ಲ.

ಹಾಗಾದ್ರೆ ಮುಂದೆ ಯಾರ ಕೀಲು ಹಾಳಾಗುತ್ತೆ ಅಂತ ಮೊದಲೇ ಹೇಳಬಹುದಾ? ಒಂದು ಮಟ್ಟಿಗೆ ಹೇಳಬಹುದು. ನೆದರ್ಲೆಂಡ್ಸ್‌ನ ಬೆಸ್ಟ್ ಅಧ್ಯಯನದ ಮಾಹಿತಿಯಿಂದ 2010ರಲ್ಲಿ ಒಂದು ಕೋಷ್ಟಕ ಕಟ್ಟಿದರು. ಸಿಆರ್‌ಪಿ, ಆಗಲೇ ಇರುವ ಕೊರೆತ, ಆಂಟಿ-ಸಿಸಿಪಿ ಮತ್ತು ರುಮಟಾಯ್ಡ್ ಫ್ಯಾಕ್ಟರ್, ಕೊಡುವ ಔಷಧಿ: ಇಷ್ಟು ಹಾಕಿದರೆ ಒಂದು ವರ್ಷದಲ್ಲಿ ಹಾನಿ ವೇಗವಾಗಿ ಬೆಳೆಯುವ ಸಾಧ್ಯತೆ ಶೇಕಡಾವಾರು ಸಿಗುತ್ತೆ. ಕೈಕಾಲಿನ ಎಕ್ಸ್-ರೇಗೆ ಯಂತ್ರವೇ ಅಂಕ ಹಾಕಲಿ ಅಂತ ಆರ್‌ಎ2 ಡ್ರೀಮ್ ಚಾಲೆಂಜ್ ಕೂಡ ನಡೆದಿದೆ; ಪ್ರಾಜೆಕ್ಟ್ ಹುಡುಕ್ತಿರೋರು ನೋಡಿ. ಆದರೆ ನನಗೆ ಒಂದು ಅನುಮಾನ: ಡಚ್ ರೋಗಿಗಳಿಂದ ಕಲಿತ ಕೋಷ್ಟಕ ಅಡಿಕೆ ಸುಲಿಯುವ ಕೈಗೆ, ತಡವಾಗಿ ಆಸ್ಪತ್ರೆಗೆ ಬರುವ ಊರಿಗೆ ಎಷ್ಟು ಹೊಂದುತ್ತೆ? ನಮ್ಮವರ ಮಾಹಿತಿ ಹಾಕಿ ಪರೀಕ್ಷಿಸದೆ ಅದನ್ನು ಕಣ್ಣುಮುಚ್ಚಿ ನಂಬೋದು ಸರಿಯಲ್ಲ.

ಇನ್ನೊಂದು ಮಾತ್ರೆ ಸೇರಿಸಬೇಕು ಅಂತ ಡಾಕ್ಟರ್ ಹೇಳಿದಾಗ ದೊಡ್ಡಮ್ಮ ಶೇಕಡಾ ಎಷ್ಟು ಅಂತ ಕೇಳಲಿಲ್ಲ. "ಆ ತೂತು ಮುಚ್ಚಿಕೊಳ್ಳುತ್ತಾ?" ಅಂದರು. ಮುಚ್ಚೋದು ಅಪರೂಪ, ದೊಡ್ಡದಾಗದ ಹಾಗೆ ತಡೀಬಹುದು ಅಂದರು ಡಾಕ್ಟರ್. ಸ್ವಲ್ಪ ಹೊತ್ತು ಪಾದ ನೋಡಿಕೊಂಡು ಕೂತಿದ್ದರು. ಆಮೇಲೆ ಮಾತ್ರೆ ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡರು. ಮುಂದಿನ ಎಕ್ಸ್-ರೇ ಬರುವ ವರ್ಷ.