ಕೌದಿಗೊಂದು ಗೋಡೆ

ಶಿಕ್ಷಕರ ತರಬೇತಿ ಪಡೆದವರಿಗೆ ಫ್ಲಾನೆಲ್ ಬೋರ್ಡ್ ಗೊತ್ತಿರುತ್ತದೆ. ಹಲಗೆಗೆ ಫ್ಲಾನೆಲ್ ಬಟ್ಟೆ ಬಿಗಿದು, ಚಿತ್ರಗಳ ಬೆನ್ನಿಗೆ ಮರಳು ಕಾಗದದ ಚೂರು ಅಂಟಿಸಿ, ಕಥೆ ಹೇಳುತ್ತ ಹೋದಂತೆ ಕಾಗೆ, ಹೂಜಿ, ಕಲ್ಲು ಎಂದು ಒಂದೊಂದಾಗಿ ಅದರ ಮೇಲೆ ಇಡುವುದು. ಬೇಡವಾದಾಗ ಕಿತ್ತು ಬೇರೆಡೆ ಇಡಬಹುದು. ಇದೇ ಬೋರ್ಡನ್ನು ಮಂಚದಷ್ಟು ದೊಡ್ಡದು ಮಾಡಿ ಗೋಡೆಗೆ ಒರಗಿಸಿದರೆ ಕೌದಿ ಹೊಲಿಯುವವರಿಗೆ ದೊಡ್ಡ ಅನುಕೂಲ. ಅಮೆರಿಕದಲ್ಲಿ ಕ್ವಿಲ್ಟ್ ಹೊಲಿಯುವವರು ಅದನ್ನು ‘ಡಿಸೈನ್ ವಾಲ್’ ಎನ್ನುತ್ತಾರೆ.

ನೆಲವಿರುವಾಗ ಗೋಡೆ ಏಕೆ ಎಂದು ಕೇಳಬಹುದು. ದೊಡ್ಡ ಪಡಸಾಲೆ ಇದ್ದವರಿಗೆ ಬೇಕಿಲ್ಲ. ಆದರೆ ನೆಲದ ಮೇಲೆ ಹರಡಿದ ತುಂಡುಗಳಲ್ಲಿ ಕಾಲ ಬುಡದವು ದೊಡ್ಡದಾಗಿ, ಆಚೆಯವು ಚಿಕ್ಕದಾಗಿ ಕಾಣುತ್ತವೆ. ಊಟದ ಹೊತ್ತಿಗೆ ಎಲ್ಲವನ್ನೂ ಎತ್ತಿಡಬೇಕು. ಎತ್ತಿಟ್ಟ ಮೇಲೆ ಯಾವುದು ಎಲ್ಲಿತ್ತೆಂಬುದು ಯಾರಿಗೆ ನೆನಪಿರುತ್ತದೆ?

ಹುಬ್ಬಳ್ಳಿಯ ಎರಡು ಕೋಣೆಯ ಬಾಡಿಗೆ ಮನೆಯೊಂದರಲ್ಲಿ ಇಂಥ ಗೋಡೆ ಎದ್ದದ್ದು ಮಗಳ ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ. ಅಜ್ಜಿ ತೀರಿಕೊಂಡ ಮೇಲೆ ಉಳಿದದ್ದು ಐದು ಸೀರೆ. ನಾಲ್ಕು ಸಾದಾ ನೂಲಿನವು, ಒಂದು ಇಳಕಲ್. ಅದರ ಮೈ ನೂಲಿನದು, ಸೆರಗು ಕೆಂಪು ರೇಷ್ಮೆಯದು. ಎರಡನ್ನೂ ಮಗ್ಗದ ಮೇಲೇ ಕೊಂಡಿ ಹಾಕಿ ಸೇರಿಸುವುದು ಇಳಕಲ್ಲಿನ ವಿಶೇಷ. ಮೈ ಹರಿದಿತ್ತು, ಸೆರಗು ಮಾತ್ರ ಗಟ್ಟಿಯಾಗಿತ್ತು. ತಕರಾರು ಹುಟ್ಟಿದ್ದೇ ಅಲ್ಲಿ.

“ಸೆರಗಿಗೆ ಕತ್ತರಿ ಹಾಕಬ್ಯಾಡ. ಇಡಿಯಾಗಿ ನಡುವ ಇರ್ಲಿ” ಎಂದಳು ತಾಯಿ.

“ಇಡಿಯಾಗಿ ಇಟ್ರ ಉಳಿದಿದ್ದೆಲ್ಲಾ ಅದರ ಮುಂದ ಸಪ್ಪಗ ಕಾಣ್ತಾವ, ಅವ್ವಾ” ಎಂದಳು ಮಗಳು.

ಇಬ್ಬರದೂ ಸರಿಯೇ. ಆದರೆ ಒಮ್ಮೆ ಕತ್ತರಿಸಿದ ಸೆರಗು ಮತ್ತೆ ಸೆರಗಾಗುವುದಿಲ್ಲ. ತಾಯಿಗೆ ಮೊಣಕಾಲು ನೋವು, ನೆಲದಲ್ಲಿ ಕೂತು ನೋಡುವುದೂ ಕಷ್ಟ.

ಗೋಡೆ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಥರ್ಮಾಕೋಲ್ ಹಾಳೆ ಆರು ಇದ್ದರೆ ಎರಡು ಮೀಟರ್ ಎತ್ತರ, ಒಂದೂವರೆ ಮೀಟರ್ ಅಗಲದ ಹಲಗೆಯಾಗುತ್ತದೆ. ದಪ್ಪ ಒಂದು ಅಂಗುಲವಾದರೂ ಇರಲಿ, ಗುಂಡುಸೂಜಿ ನಿಲ್ಲಬೇಕಲ್ಲ. ಹಿಂದಿನಿಂದ ಅಗಲವಾದ ಟೇಪು ಹಚ್ಚಿ, ಹಳೆಯ ರಟ್ಟಿನ ಪಟ್ಟಿಗಳನ್ನು ಅಡ್ಡಕ್ಕೆ ಕೊಟ್ಟರೆ ಬಾಗುವುದಿಲ್ಲ. ಪಾದರಕ್ಷೆಗೆ ಬಳಸುವಂಥ ಘಾಟು ವಾಸನೆಯ ಗೋಂದು ಮಾತ್ರ ಬೇಡ, ಅದು ಥರ್ಮಾಕೋಲನ್ನೇ ಕರಗಿಸಿಬಿಡುತ್ತದೆ. ಮೇಲೆ ಎಳೆಗೂಸಿನ ಅಂಗಿಗೆ ಕೊಳ್ಳುವ ಬಿಳಿ ಫ್ಲಾನೆಲ್ಲಿನ ಎರಡು ಪಟ್ಟಿ ಜೋಡಿಸಿ ಬಿಗಿಯಾಗಿ ಎಳೆದು ಹಿಂದಕ್ಕೆ ಮಡಚಬೇಕು. ಒಲೆಯಿಂದ ದೂರವಿಡಬೇಕು, ಥರ್ಮಾಕೋಲಿಗೆ ಬೆಂಕಿ ಬೇಗ ತಗಲುತ್ತದೆ. ಇಷ್ಟೂ ಬೇಡವೆನ್ನುವವರು ಬೆನ್ನಿಗೆ ಮೆತ್ತನೆಯ ಬಟ್ಟೆಯಿರುವ ಮೇಜಿನ ರೆಕ್ಸಿನ್ನನ್ನು ತಿರುವಿ ಕಿಟಕಿಯ ಸರಳಿಗೆ ಕಟ್ಟಿದರೂ ಆದೀತು. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವ ಚಿಂತೆಯೂ ಇಲ್ಲ.

ಫ್ಲಾನೆಲ್ಲಿನ ಮೈಮೇಲೆ ಎದ್ದಿರುವ ಸಣ್ಣ ಎಳೆಗಳು ನೂಲಿನ ತುಂಡಿನ ಎಳೆಗಳಿಗೆ ಸಿಕ್ಕಿಕೊಳ್ಳುವುದರಿಂದ ಅದು ತಾನಾಗಿ ನಿಲ್ಲುತ್ತದೆ. ಹಲಗೆ ತುಸು ಹಿಂದಕ್ಕೆ ವಾಲಿದ್ದರೆ ಇನ್ನೂ ಒಳ್ಳೆಯದು. ರೇಷ್ಮೆ ಜಾರುತ್ತದೆ, ಅದಕ್ಕೆ ಗುಂಡುಸೂಜಿ ಬೇಕು. ಫ್ಯಾನು ಹಾಕುವ ಮುನ್ನ ಮನೆಯವರಿಗೆಲ್ಲ ಒಂದು ಮಾತು ಹೇಳಿಡುವುದು ಕ್ಷೇಮ!

ಇಲ್ಲಿ ಮಕ್ಕಳಿಗೊಂದು ಲೆಕ್ಕವೂ ಇದೆ. ಆರು ಅಂಗುಲದ ಎಂಟು ತುಂಡು ಗೋಡೆಯ ಮೇಲೆ 48 ಅಂಗುಲ. ಹೊಲಿಗೆಗೆ ಪ್ರತಿ ತುಂಡಿನ ಅಂಚಿನಿಂದ ಕಾಲು ಅಂಗುಲ ಹೋಗುತ್ತದೆ. ಏಳು ಜೋಡಣೆಗೆ ಮೂರೂವರೆ ಅಂಗುಲ. ಹೊಲಿದ ಮೇಲೆ ಉಳಿಯುವುದು 44½. ಇದನ್ನು ಮೊದಲೇ ಎಣಿಸದಿದ್ದರೆ ಹೊದ್ದವರ ಕಾಲು ಹೊರಗೆ.

ಹುಬ್ಬಳ್ಳಿಯ ಮನೆಯಲ್ಲಿ ಸೆರಗನ್ನು ಮುಟ್ಟಲೇ ಇಲ್ಲ. ಬದಲಿಗೆ ಕೆಂಪು ಕಾಗದ ತಂದು, ಮೊದಲ ದಿನ ತಾಯಿ ಹೇಳಿದಂತೆ ಇಡೀ ಹಾಳೆಯನ್ನು ನಡುವೆ ಚುಚ್ಚಿದರು. ಮರುದಿನ ಮಗಳು ಅದನ್ನು ಚೌಕಗಳಾಗಿ ಕತ್ತರಿಸಿ ಹರಡಿದಳು. ದೂರ ನಿಂತು ಅರೆಗಣ್ಣು ಮುಚ್ಚಿ ನೋಡಿದರೆ ಬಣ್ಣ ಮರೆತು ತಿಳಿ-ಗಾಢಗಳಷ್ಟೇ ಕಾಣುತ್ತವೆ. ಮೊಬೈಲಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದರೂ ಅದೇ. ಹಾಗೆ ನೋಡಿದಾಗ ಹರಡಿದ ಕೆಂಪು ಪಕ್ಕದ ನೀಲಿಯಲ್ಲಿ ಕಳೆದುಹೋಗಿತ್ತು. ಹೊಲಿಗೆಯ ಸುದ್ದಿಗೆಂದೂ ಬಾರದ ತಂದೆ ರಾತ್ರಿ ನೀರು ಕುಡಿಯಲೆದ್ದು ಎರಡು ತುಂಡು ಅದಲುಬದಲು ಮಾಡಿದ್ದು ಬೆಳಿಗ್ಗೆ ಗೊತ್ತಾಯಿತು. ಯಾರೂ ಅದನ್ನು ಹಿಂದಕ್ಕೆ ಇಡಲಿಲ್ಲ.

ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರಿಗೆ ಇದಾವುದೂ ಬೇಕಿಲ್ಲ. ಅವರು ಕವಂದಿಯನ್ನು ಅಂಚಿನಿಂದ ಶುರು ಮಾಡಿ, ಕೈಗೆ ಸಿಕ್ಕ ತುಂಡನ್ನು ಕೂಡಿಸುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಆ ಕೈ, ಆ ಕಣ್ಣು ಬರಲು ವರ್ಷಗಳು ಬೇಕು. ಮೊದಲ ಕೌದಿಯನ್ನೇ ಅಜ್ಜಿಯ ಸೀರೆಯಲ್ಲಿ ಹೊಲಿಯಹೊರಟವರಿಗೆ ಗೋಡೆಯೇ ಸರಿ.

ಐದನೆಯ ದಿನ ಸೆರಗಿನ ಅರ್ಧ ನಡುವೆ ಇಡಿಯಾಗಿ, ಉಳಿದರ್ಧ ನಾಲ್ಕು ಮೂಲೆಗೆ ಎಂದಾಯಿತು. ಪ್ರತಿ ತುಂಡಿಗೂ ಸಾಲು ಮತ್ತು ಸ್ಥಾನದ ಸಂಖ್ಯೆ ಬರೆದ ಚೀಟಿ ಚುಚ್ಚಿ, ಎಡದಿಂದ ಬಲಕ್ಕೆ ಒಂದೊಂದೇ ಸಾಲನ್ನು ಇಳಿಸಿದರು. ಕತ್ತರಿಯನ್ನು ತಾಯಿಯೇ ಹಿಡಿದಳು.